ಪಿಸ್ಟನ್ನಿನ ಆಚೆ ಪಕ್ಕ

"ಇದನ್ನ ಬರೆದವರು ಯಾರು?"

ಕೌಂಟರಿನ ಮೇಲೆ ಹಳದಿ ಚೀಟಿಯನ್ನಿಟ್ಟು, ಅದರ ಮೇಲೆ ಬೆರಳೂರಿ ನಿಂತಿದ್ದೆ. ಬರುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳಲ್ಲಿ ಇದು ಮೊದಲನೆಯದು. ಉಳಿದ ಹದಿನಾಲ್ಕು ಮಾತುಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ಕಾಯುತ್ತಿದ್ದವು.

ಕೌಂಟರಿನ ಹಿಂದೆ ಕೂತಿದ್ದ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಚೀಟಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಆಮೇಲೆ ತಲೆ ತಿರುಗಿಸದೆಯೇ ಕೂಗಿದರು.

"ಲೋ, ನಿನ್ನ ಅಕ್ಷರಕ್ಕೆ ಯಾರೋ ಅಭಿಮಾನಿ ಬಂದಿದ್ದಾರೆ. ಬಾ ಇಲ್ಲಿ."

ಅಂಗಡಿಯ ಒಳಭಾಗದಲ್ಲಿ ಗೋಡೆಯುದ್ದಕ್ಕೂ ಚೈನ್‌ಸಾಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಹಗಲು ನಿದ್ದೆಯಲ್ಲಿರುವ ಬಾವಲಿಗಳ ಹಾಗೆ. ಅವುಗಳ ನಡುವಿನಿಂದ ಅವನು ಬಂದ. ಕೈಯಲ್ಲಿ ಒಂದು ಬಟ್ಟೆಯ ತುಂಡು. ಒಂದೊಂದೇ ಬೆರಳನ್ನು ಬೇರೆ ಬೇರೆಯಾಗಿ ಒರೆಸಿಕೊಳ್ಳುತ್ತಿದ್ದ, ಹತ್ತು ಬೆರಳಿಗೂ ಹತ್ತು ಹೆಸರಿದೆಯೇನೋ ಎನ್ನುವಷ್ಟು ನಿಧಾನವಾಗಿ. ನನ್ನ ಹದಿನಾಲ್ಕು ಮಾತುಗಳಲ್ಲಿ ಒಂಬತ್ತು ಆಗಲೇ ಮರೆತುಹೋದವು.

"ನಾನೇ ಬರೆದಿದ್ದು," ಎಂದ.

ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. *ಪೆಟ್ರೋಲಿಗೆ ಆಯಿಲ್ ಬೆರೆಸಿಲ್ಲ. ಪಿಸ್ಟನ್ ಹಾಳಾಗಿದೆ.* ಆ ಎರಡು ಸಾಲು ಹಿಂದಿನ ದಿನ ನನ್ನ ಕೈಯಿಂದ ಸ್ಟೋರಿನ ಬೀಗದ ಕೈಯನ್ನು ಕಿತ್ತುಕೊಂಡಿದ್ದವು.

ನಾನು ಕೆಲಸ ಮಾಡುವುದು ಮರ ಸವರುವ, ಬಿದ್ದ ಮರ ತೆರವು ಮಾಡುವ ಒಂದು ಕಂಪನಿಯ ಸ್ಟೋರಿನಲ್ಲಿ. ಹಗ್ಗ, ಕೊಕ್ಕೆ, ಹೆಲ್ಮೆಟ್ ಎಲ್ಲದರ ಲೆಕ್ಕ ನನ್ನದು. ಅದಕ್ಕಿಂತ ದೊಡ್ಡ ಕೆಲಸ, ಬೆಳಿಗ್ಗೆ ಬೆಳಿಗ್ಗೆ ಚೈನ್‌ಸಾಗಳಿಗೆ ಪೆಟ್ರೋಲ್ ಬೆರೆಸಿ ಕೊಡುವುದು. ಆ ಮೆಷಿನ್ನುಗಳಿಗೆ ಎಣ್ಣೆಗೆಂದು ಬೇರೆ ಹೊಟ್ಟೆ ಇಲ್ಲ. ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಕುಡಿಯಬೇಕು. ಎರಡು ಲೀಟರಿಗೆ ನಲವತ್ತು ಮಿಲಿ. ಅದನ್ನು ಮರೆತರೆ ಒಳಗಿನ ಪಿಸ್ಟನ್ ಒಣಗಂಟಲಲ್ಲಿ ಓಡಿ ಓಡಿ ಕೆಲವೇ ನಿಮಿಷಗಳಲ್ಲಿ ಸುಟ್ಟು ಕೂರುತ್ತದೆ.

ನಮ್ಮ ಅತಿ ದೊಡ್ಡ ಮೆಷಿನ್ ಹಾಗೆಯೇ ಕೂತುಬಿಟ್ಟಿತ್ತು. ಆವತ್ತು ಅದೊಂದಕ್ಕೆ ಮಾತ್ರ ನಾನು ಬೇರೆ ಪುಟ್ಟ ಕ್ಯಾನಿನಲ್ಲಿ ಪೆಟ್ರೋಲ್ ಕೊಟ್ಟಿದ್ದೆ. ಉಳಿದಿದ್ದನ್ನು ನಿಯಮದ ಪ್ರಕಾರ ಚೆಲ್ಲಿ, ಟ್ಯಾಂಕ್ ಖಾಲಿ ಮಾಡಿಯೇ ರಿಪೇರಿಗೆ ಕಳಿಸಿದ್ದರು. ನನ್ನ ಪರವಾಗಿ ಸಾಕ್ಷಿ ಹೇಳಲು ಒಂದು ಹನಿಯೂ ಉಳಿದಿರಲಿಲ್ಲ.

"ಶುಕ್ರವಾರದ ತನಕ ನೋಡ್ತೀನಿ," ಎಂದಿದ್ದರು ಸೂಪರ್‌ವೈಸರ್, ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತ. "ಅಂಗಡಿಯವರು ಬೇರೆ ಏನಾದ್ರೂ ಹೇಳಿದ್ರೆ ಸರಿ. ಇಲ್ಲಾಂದ್ರೆ ಸ್ಟೋರಿಗೆ ಬೇರೆಯವರನ್ನ ಹಾಕ್ತೀನಮ್ಮ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎನ್ನುವುದು ಎಷ್ಟು ಸುಲಭ. ಮೂರು ವರ್ಷ ನಾನು ಆ ಕೋಣೆಯನ್ನು ಮನೆಗಿಂತ ಚೆನ್ನಾಗಿ ಇಟ್ಟುಕೊಂಡಿದ್ದೆ.

"ಏನು ನೋಡಿ ಬರೆದ್ರಿ?" ಎಂದೆ.

"ಪಿಸ್ಟನ್ ನೋಡಿ."

"ನನಗೂ ತೋರಿಸಿ."

"ನೋಡೋಕೆ ಟಿಕೆಟ್ ಏನಿಲ್ಲ, ತೋರಿಸೋ," ಎಂದರು ಕೌಂಟರಿನ ಹೆಂಗಸು. ಅವರು ಅವನ ಸೋದರತ್ತೆ, ಅಂಗಡಿಯ ಯಜಮಾನಿ ಎಂದು ಆಮೇಲೆ ತಿಳಿಯಿತು.

ಕಿಟಕಿಯ ಪಕ್ಕದ ಬೆಂಚಿನ ಮೇಲೆ ನಮ್ಮ ದೊಡ್ಡ ಮೆಷಿನ್ ಮಲಗಿತ್ತು. ಸೈಲೆನ್ಸರ್ ಬಿಚ್ಚಿದ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬಾಯಿ. ಅವನು ಪುಟ್ಟ ಟಾರ್ಚ್ ಹಿಡಿದ.

"ಕಣ್ಣು ಹತ್ತಿರ ತನ್ನಿ. ಇನ್ನೂ ಹತ್ತಿರ."

ತಂದೆ. ಅವನೂ ಬಗ್ಗಿದ. ನಮ್ಮಿಬ್ಬರ ತಲೆಗಳ ನಡುವೆ ಒಂದು ಗೇಣು ಜಾಗ, ಆ ಜಾಗದ ತುಂಬ ಪೆಟ್ರೋಲಿನ ವಾಸನೆ. ಒಳಗೆ ಬೆಳ್ಳಿಬಣ್ಣದ ಲೋಹ. ಅದರ ಮೈಮೇಲೆ ಮೇಲಿನಿಂದ ಕೆಳಕ್ಕೆ ಗೀರುಗಳು. ಬೆಕ್ಕು ಪರಚಿದಂತೆ.

"ನುಣ್ಣಗಿರಬೇಕಿತ್ತು," ಎಂದ. ಧ್ವನಿ ತಗ್ಗಿಸಿದ್ದ, ರೋಗಿಗೆ ಕೇಳಿಸಬಾರದು ಎನ್ನುವಂತೆ. "ಎಣ್ಣೆ ಇದ್ರೆ ಜಾರುತ್ತೆ. ಇಲ್ದಿದ್ರೆ ಗೋಡೆಗೆ ಉಜ್ಜಿ ಉಜ್ಜಿ ಹೀಗಾಗುತ್ತೆ. ಹಗ್ಗ ಎಳೆದು ನೋಡಿ."

ಸ್ಟಾರ್ಟರಿನ ಹಗ್ಗ ಎಳೆದೆ. ಹಟಮಾರಿ ಮಗುವಿನಂತೆ ಹಿಂದಕ್ಕೆ ಜಗ್ಗಬೇಕಾದ ಹಗ್ಗ, ಏನೂ ಅನ್ನದೆ ಸುಮ್ಮನೆ ಬಂದುಬಿಟ್ಟಿತು. ಒಳಗೆ ಉಸಿರೇ ಇರಲಿಲ್ಲ. ನನಗೆ ಅಳು ಬರುವಂತಾಯಿತು. ಅಳಬಾರದೆಂದು ಕೇಳಿದೆ:

"ಇದು ಈ ಪಕ್ಕ ಆಯ್ತು. ಆಚೆ ಪಕ್ಕ ಹೇಗಿದೆ?"

ಅವನು ಟಾರ್ಚ್ ಆರಿಸಿದ.

"ಆಚೆ ಪಕ್ಕ ಇಲ್ಲಿಂದ ಕಾಣಲ್ಲ. ಸಿಲಿಂಡರ್ ಬಿಚ್ಚಬೇಕು."

"ಬಿಚ್ಚಿದ್ರಾ?"

"ಇಲ್ಲ."

"ಬಿಚ್ಚದೇನೇ ಬರೆದ್ರಾ?"

ಅವನು ಬಟ್ಟೆಯ ತುಂಡನ್ನು ಮತ್ತೆ ಕೈಗೆತ್ತಿಕೊಂಡ. ನನಗೆ ನನ್ನ ಅಜ್ಜಿಯ ಮಾತೊಂದು ಬಾಯಿಗೆ ಬಂದೇಬಿಟ್ಟಿತು. "ನಮ್ಮಜ್ಜಿ ಹೇಳ್ತಾರೆ, ಒಂದು ಕಿವಿ ನೋಡಿ ಕುದುರೆ ಕೊಂಡವನಿಗೆ ಮನೆಗೆ ಬಂದ ಮೇಲೆ ಕತ್ತೆ ಅಂತ ಗೊತ್ತಾಯ್ತಂತೆ."

ಕೌಂಟರಿನಲ್ಲಿ ಅತ್ತೆ ಕೆಮ್ಮಿದರು. ಅದು ನಗು ಎಂದು ನನಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು. ಅವನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ಕುತ್ತಿಗೆ.

"ಆದ್ರೂ ಒಂದು ಮಾತಮ್ಮ," ಎಂದರು ಅತ್ತೆ. "ನಮ್ಮಂಗಡಿ ಚೀಟಿ ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ವಾಪಸ್ ಬಂದಿಲ್ಲ. ನಮ್ಮ ಯಜಮಾನರ ಕಾಲದಿಂದ ಹಾಗೇ ಇದೆ."

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ," ಎಂದ ಅವನು, ಅತ್ತೆಯ ಮಾತು ಕೇಳಿಸದವನಂತೆ. "ನಿಮ್ಮೆದುರಿಗೇ ಬಿಚ್ತೀನಿ."

"ಬಿಚ್ಚಿದ ಮೇಲೂ ಎಣ್ಣೆ ಇರಲಿಲ್ಲ ಅಂತಲೇ ಆದ್ರೆ?"

"ಎಣ್ಣೆ ಇರಲಿಲ್ಲ ಅಂತಲೇ ಹೇಳ್ತೀನಿ."

ಎಷ್ಟು ನೆಟ್ಟಗೆ ಹೇಳಿದ ಎಂದರೆ, ಸಿಟ್ಟು ಮಾಡಿಕೊಳ್ಳಲು ಜಾಗವೇ ಸಿಗಲಿಲ್ಲ. ಸಮಾಧಾನಕ್ಕೆಂದು ಸುಳ್ಳು ಹೇಳುವವರನ್ನು ಕಂಡು ಕಂಡು ಬೇಸತ್ತವಳು ನಾನು. ಹೊರಗೆ ಬಂದು ರಸ್ತೆ ದಾಟಿದ ಮೇಲೆ ಮರೆತಿದ್ದ ಒಂಬತ್ತು ಮಾತುಗಳೂ ನೆನಪಿಗೆ ಬಂದವು. ಹಿಂದಿರುಗಿ ಹೇಳುವಷ್ಟು ಚೆನ್ನಾಗಿರಲಿಲ್ಲ.

*

ಸಂಜೆ ಅಜ್ಜಿ ಬಟಾಣಿ ಬಿಡಿಸುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಬಿಡಿಸಿದ ಕಾಳು ತಿನ್ನುತ್ತಿದ್ದೆ.

"ಅಜ್ಜಿ, ನಾನು ನಿಜವಾಗ್ಲೂ ಮರೆತಿರಬಹುದಾ?"

ಇದು ಯಾರಿಗೂ ಹೇಳದ ಭಯ. ಆವತ್ತು ಬೆಳಿಗ್ಗೆ ಸ್ಟೋರಿನ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಎಣ್ಣೆಯ ಅಳತೆಲೋಟವನ್ನು ಬಿಸಿಲಿಗೆ ಹಿಡಿದಿದ್ದೆ. ಎಣ್ಣೆ ಹಸಿರು ಬಣ್ಣದ್ದು. ಅದರೊಳಗಿಂದ ಬಿಸಿಲು ಹಾದು ಗೋಡೆಯ ಮೇಲೆ ಒಂದು ಹಸಿರು ಕೊಳ ಮೂಡಿತ್ತು. ಆ ಕೊಳದಲ್ಲಿ ಯಾವ ರಾಜಕುಮಾರಿ ಮುಳುಗಿರಬಹುದು ಎಂದು ಯೋಚಿಸುತ್ತಿದ್ದುದು ನೆನಪಿದೆ. ಲೋಟ ಹಿಡಿದದ್ದು ನೆನಪಿದೆ. ಸುರಿದದ್ದು ಮಾತ್ರ ನೆನಪಿಲ್ಲ. ಎಷ್ಟು ತಡಕಿದರೂ ಅಲ್ಲೊಂದು ಖಾಲಿ ಜಾಗ.

ಅಜ್ಜಿ ಕಾಳಿನ ಬಟ್ಟಲನ್ನು ನನ್ನಿಂದ ದೂರ ಸರಿಸಿದಳು. "ನೀನು ಕನಸು ಕಾಣ್ತಾ ಬಾಗಿಲಿಗೆ ಡಿಕ್ಕಿ ಹೊಡೀತೀಯ. ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಹಾಕ್ಕೊಂಡು ಹೋಗ್ತೀಯ. ಆದ್ರೆ ನಿನ್ನ ಕೈ ನಿನ್ನ ತಲೆ ಥರ ಅಲ್ಲ ಕಣೆ. ತಲೆ ಎಲ್ಲೇ ಹೋಗಲಿ, ಕೈ ಕೆಲಸ ಮುಗಿಸಿರುತ್ತೆ."

"ನೀನು ಅಜ್ಜಿ. ನೀನು ಹಾಗೇ ಹೇಳೋದು."

"ಸರಿ, ಆ ಹುಡುಗ ಹೇಗಿದ್ದಾನೆ?"

"ಯಾವ ಹುಡುಗ?"

"ಬಂದಾಗಿನಿಂದ ಏಳು ಸಲ ಬೈದಿದ್ದೀಯಲ್ಲ, ಅವನು."

"ಕೋಪ ಬರೋ ಹಾಗಿದ್ದಾನೆ."

"ನಾನು ಕೇಳಿದ್ದು ಎತ್ತರವೋ ಕುಳ್ಳೋ ಅಂತ."

ಎತ್ತರವೋ ಕುಳ್ಳೋ ನಾನು ಗಮನಿಸಿಯೇ ಇರಲಿಲ್ಲ. ಬೆರಳುಗಳನ್ನು ಮಾತ್ರ ಒಂದೊಂದಾಗಿ ಬಲ್ಲೆ ಎಂದು ಅಜ್ಜಿಗೆ ಹೇಗೆ ಹೇಳಲಿ.

*

ಮರುದಿನ ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಹೋದೆ. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ, ಸಾಮಾನುಗಳನ್ನು ಸಾಲಾಗಿ ಇಟ್ಟುಕೊಂಡಿದ್ದ. ನನಗೆಂದು ಒಂದು ಸ್ಟೂಲ್. ಸ್ಟೂಲಿನ ಮೇಲಿನ ಗ್ರೀಸನ್ನು ಆಗಷ್ಟೇ ಒರೆಸಿದ ಗುರುತು.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. "ಚಾಕೊಲೇಟ್ ಬಣ್ಣ ಇದ್ರೆ ಆರೋಗ್ಯ. ಇದು ಬೂದಿ ಥರ ಬೆಳ್ಳಗಿದೆ. ತುಂಬಾ ಬಿಸಿಯಾಗಿದೆ." ಹುಬ್ಬು ಗಂಟಿಕ್ಕಿದ. ಆದರೆ ತೀರ್ಪು ಹೇಳಲಿಲ್ಲ. ನಿನ್ನೆಯ ಅವಸರದ ಮನುಷ್ಯ ಇವನೇ ಎಂದು ನಂಬುವುದು ಕಷ್ಟವಾಯಿತು. ಒಂದೊಂದು ಸ್ಕ್ರೂ ಬಿಚ್ಚಿದಾಗಲೂ ಅದು ಎಲ್ಲಿಂದ ಬಂತೋ ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಇಡುತ್ತಿದ್ದ. ಕೆಲಸ ಮಾಡುವಾಗ ತುಟಿಯ ಎಡ ಮೂಲೆಯನ್ನು ಕಚ್ಚಿಕೊಳ್ಳುತ್ತಾನೆ. ಬಿಗಿಯಾದ ಸ್ಕ್ರೂ ಬಂದರೆ ಬೈಯುವುದಿಲ್ಲ, "ಬಾರಪ್ಪ, ಬಾ" ಎನ್ನುತ್ತಾನೆ. ಅದು ಬರುತ್ತದೆ. ನನಗೂ ಯಾರಾದರೂ ಹಾಗೆ ಕರೆದರೆ ಬಂದುಬಿಡುತ್ತೇನೇನೋ ಎಂದು ಒಂದು ಯೋಚನೆ ಹಾದುಹೋಯಿತು. ಅದನ್ನು ಗದರಿಸಿ ಕೂರಿಸಿದೆ.

ನಾಲ್ಕು ಸ್ಕ್ರೂ ಸಡಿಲಿಸಿ ಸಿಲಿಂಡರನ್ನು ಮೆಲ್ಲಗೆ ಮೇಲೆತ್ತಿದ. ಒಳಗಿನಿಂದ ಪಿಸ್ಟನ್ ಹೊರಬಂತು. ಒಂದು ಪುಟ್ಟ ಲೋಹದ ಬಟ್ಟಲು, ಬೋರಲು. ಇಷ್ಟು ಚಿಕ್ಕದು ಅಷ್ಟು ದೊಡ್ಡ ಮರಗಳನ್ನು ಉರುಳಿಸುತ್ತದೆಂದು ನಾನು ಎಂದೂ ಊಹಿಸಿರಲಿಲ್ಲ.

ನಿನ್ನೆ ಕಂಡ ಪಕ್ಕದಲ್ಲಿ ಅದೇ ಗೀರುಗಳು. ಹೊಗೆ ಹೊರಹೋಗುವ ಪಕ್ಕ ಅದು. ಅವನು ಅದನ್ನು ನಿಧಾನವಾಗಿ ಆಚೆ ತಿರುಗಿಸಿದ.

ಆಚೆ ಪಕ್ಕ ಹೊಸದರಂತಿತ್ತು. ತಯಾರಿಸುವಾಗ ಬಿದ್ದ ಕೂದಲೆಳೆಯಂಥ ಗೆರೆಗಳು ಕೂಡ ಹಾಗೇ ಇದ್ದವು.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೆಳಗಿನ ಬೇರಿಂಗಿಗೆ ಬೆರಳು ತಾಗಿಸಿ, ಹೆಬ್ಬೆರಳಿಗೆ ತಿಕ್ಕಿ, ನನ್ನ ಕಡೆಗೆ ತಿರುಗಿದ. "ಬೆರಳು ಕೊಡಿ."

ಕೊಟ್ಟೆ. ನನ್ನ ತೋರುಬೆರಳನ್ನು ಹಿಡಿದು ಬೇರಿಂಗಿನ ಮೇಲೆ ಇಟ್ಟ. ನುಣುಪಾಗಿ ಜಾರಿತು. ಬೆರಳ ತುದಿಯಲ್ಲಿ ಹಸಿರು ಛಾಯೆಯ ತೆಳು ಪದರ.

"ಎಣ್ಣೆ," ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಎಣ್ಣೆ," ಎಂದ ಅವನು. "ನೀವು ಬೆರೆಸಿದ್ದು. ಎಣ್ಣೆ ಇಲ್ದೆ ಓಡಿದ್ರೆ ಸುತ್ತಲೂ ಗೀರು ಬೀಳುತ್ತೆ, ಬೇರಿಂಗ್ ಒಣಗಿ ನೀಲಿಗಟ್ಟುತ್ತೆ. ಇಲ್ಲಿ ಒಂದೇ ಪಕ್ಕ ಬೆಂದಿದೆ. ನಿಮ್ಮ ತಪ್ಪಲ್ಲ."

ಬೆರಳನ್ನು ಅವನು ಇನ್ನೂ ಬಿಟ್ಟಿರಲಿಲ್ಲ. ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ಒಟ್ಟಿಗೇ ಕೈ ಎಳೆದುಕೊಂಡೆವು. ಸ್ಪ್ಯಾನರೊಂದು ಠಣ್ಣೆಂದು ಕೆಳಗೆ ಬಿತ್ತು. ಕೌಂಟರಿನಿಂದ ಅತ್ತೆ, "ಒಡೆದಿದ್ದೆಲ್ಲ ನಿನ್ನ ತಲೆ ಮೇಲೇ," ಎಂದರು.

"ಹಾಗಾದ್ರೆ ಬೆಂದಿದ್ದು ಯಾಕೆ?" ಕೇಳಿದೆ.

"ಅದೇ ಗೊತ್ತಾಗ್ಬೇಕು. ಕೆಡೋ ಮೊದಲು ಹೇಗೆ ಓಡ್ತಿತ್ತು, ನಿಮ್ಮ ಹುಡುಗರು ಏನಾದ್ರೂ ಹೇಳಿದ್ರಾ?"

"ಅವರು ಹೇಳಿಲ್ಲ. ಆದ್ರೆ ನಾನು ಕೇಳಿಸ್ಕೊಂಡಿದ್ದೀನಿ." ಹೇಳಲು ನಾಚಿಕೆಯಾಯಿತು. "ನನಗೆ ಸ್ಟೋರಿನೊಳಗೆ ಕೂತೇ ಯಾವ ಮೆಷಿನ್ ಅಂತ ಗೊತ್ತಾಗುತ್ತೆ. ಇದು ಸುಮ್ಮನಿದ್ದಾಗ ಮುದುಕರು ಗೊಣಗಿದ ಹಾಗೆ ಇರ್ತಿತ್ತು. ಕೊನೇ ಎರಡು ದಿನ ಮಾತ್ರ ಯಾರೂ ಒತ್ತದಿದ್ರೂ ತಾನೇ ಧ್ವನಿ ಏರಿಸ್ತಿತ್ತು. ಜಗಳಕ್ಕೆ ಬಂದವರ ಥರ."

ಅವನು ನನ್ನನ್ನು ನೋಡಿದ ರೀತಿಯನ್ನು ನಾನು ಈಗಲೂ ಆಗಾಗ ತೆಗೆದು ನೋಡಿಕೊಳ್ಳುತ್ತೇನೆ. ಯಾರಾದರೂ ನನ್ನ ಕಣ್ಣನ್ನೋ ಕೂದಲನ್ನೋ ಹೊಗಳಿದ್ದುಂಟು. ನನ್ನ ಕಿವಿಯನ್ನು ಯಾರೂ ಹಾಗೆ ಮೆಚ್ಚಿ ನೋಡಿರಲಿಲ್ಲ.

"ಗಾಳಿ," ಎಂದ. "ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗ್ತಿದೆ. ಗಾಳಿ ಜಾಸ್ತಿ ಆದ್ರೆ ಪೆಟ್ರೋಲ್ ತೆಳುವಾಗುತ್ತೆ, ಅದರ ಜೊತೆ ಎಣ್ಣೇನೂ ಕಮ್ಮಿ. ಮೆಷಿನ್ ತಾನೇ ಕೂಗುತ್ತೆ, ಕಾಯುತ್ತೆ. ಹೊಗೆ ಹೋಗೋ ಪಕ್ಕ ಮೊದಲೇ ಬಿಸಿ, ಅಲ್ಲಿ ಪಿಸ್ಟನ್ ಉಬ್ಬಿ ಉಜ್ಜುತ್ತೆ."

ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಹೆಬ್ಬೆರಳುದ್ದದ ರಬ್ಬರ್ ಕೊಳವೆಯನ್ನು ಬಿಚ್ಚಿ ತೆಗೆದ. ನೋಡಲು ಏನೂ ಆಗಿರಲಿಲ್ಲ. ಬೆರಳುಗಳಿಂದ ಬಗ್ಗಿಸಿದ. ಬಗ್ಗಿಸಿದಾಗ ಮುಚ್ಚಿದ ಬಾಯಿ ತೆರೆದಂತೆ ಒಂದು ಸೀಳು ತೆರೆಯಿತು.

ನಾನು ಖುಷಿಯಿಂದ ಸ್ಟೂಲಿನಿಂದ ಎದ್ದೆ. ಅವನು ಏಳಲಿಲ್ಲ. ಸೀಳನ್ನೇ ನೋಡುತ್ತಿದ್ದ. ಮುಖದ ಬಣ್ಣ ಇಳಿದಿತ್ತು.

"ಏನಾಯ್ತು?"

"ಇದು ಹಳತಾಗಿ ಸೀಳಿದ್ದಲ್ಲ." ಕೊಳವೆಯನ್ನು ಬಿಗಿಯುವ ತೆಳು ಕ್ಲಿಪ್ಪನ್ನು ಎತ್ತಿ ಸೀಳಿನ ಮೇಲೆ ಇಟ್ಟ. ಕ್ಲಿಪ್ಪಿನ ಅಂಚು ಸೀಳಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. "ಜಾಸ್ತಿ ಬಿಗಿದಿದ್ದಾರೆ. ರಬ್ಬರ್ ಕಚ್ಚಿದೆ. ಹೋದ ತಿಂಗಳು ಈ ಮೆಷಿನ್ ಸರ್ವೀಸಿಗೆ ಬಂದಿತ್ತು."

"ಯಾರು ಮಾಡಿದ್ದು?"

"ನಾನು."

ಅವನು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ರಬ್ಬರ್ ಹಳತಾಗಿತ್ತು ಎಂದಿದ್ದರೆ ನಾನು ಕೈ ಮುಗಿದು ಹೊರಟುಹೋಗುತ್ತಿದ್ದೆ.

ಆಶ್ಚರ್ಯವೆಂದರೆ, ಹಾಗೆ ಹೇಳಿದವಳು ನಾನೇ. "ರಬ್ಬರ್ ಹಳತಾಗಿತ್ತು ಅಂತ ಬರೆದುಬಿಡಿ. ಎಣ್ಣೆ ಇತ್ತು ಅಂತ ಬರೆದ್ರೆ ನನಗೆ ಸಾಕು. ಮಿಕ್ಕಿದ್ದು ಯಾರಿಗೆ ಬೇಕು?"

"ನನಗೆ ಬೇಕು," ಎಂದ. "ನೋಡದೆ ಬರೆದು ನಿಮ್ಮ ಹೆಸರು ಕೆಡಿಸಿದ್ದು ಒಂದು. ಈಗ ನೋಡಿದ ಮೇಲೂ ತಪ್ಪು ಬರೆದ್ರೆ ಯಾರಿಗೂ ಕಾಣದ ಹಾಗೆ ಕಚ್ಚಿದ ಆ ಕ್ಲಿಪ್ಪಿಗೂ ನನಗೂ ಏನು ವ್ಯತ್ಯಾಸ?"

ಅತ್ತೆ ಯಾವಾಗಲೋ ಬಂದು ನಮ್ಮ ಹಿಂದೆ ನಿಂತಿದ್ದರು. ನನಗೆ ಅವರ ಇಪ್ಪತ್ತು ವರ್ಷದ ಮಾತು ನೆನಪಾಯಿತು. ಅವರು ಕೊಳವೆಯನ್ನು ಎತ್ತಿ, ಬಗ್ಗಿಸಿ, ಸೀಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಯಾವಾಗ ಹೋಗ್ತೀಯ ಹೇಳೋಕೆ?"

"ಈಗಲೇ."

"ಹೋಗು. ಅಂಗಿ ಬದಲಾಯಿಸ್ಕೊಂಡು ಹೋಗು. ತಪ್ಪು ಒಪ್ಕೊಳ್ಳೋಕೆ ಹೋಗುವಾಗಲಾದ್ರೂ ಮನುಷ್ಯನ ಥರ ಕಾಣು."

*

ಅವನು ಬಂದಾಗ ನಮ್ಮ ಯಾರ್ಡಿನಲ್ಲಿ ಎಲ್ಲರೂ ಟೀ ಲೋಟ ಹಿಡಿದು ನಿಂತಿದ್ದರು. ಬಿಳಿ ಬಟ್ಟೆಯ ಗಂಟನ್ನು ಮರದ ದಿಮ್ಮಿಯ ಮೇಲೆ ಬಿಚ್ಚಿದ. ಪಿಸ್ಟನ್, ಕೊಳವೆ, ಕ್ಲಿಪ್ಪು. ಸೂಪರ್‌ವೈಸರ್ ಕನ್ನಡಕ ಹಾಕಿಕೊಂಡರು.

ಅವನು ಮಾತಿನಲ್ಲಿ ಜಾಣನಲ್ಲ. ನಡುನಡುವೆ ತಡವರಿಸಿದ. ಒಂದು ಸಲ ಪಿಸ್ಟನ್ನನ್ನು ಉಲ್ಟಾ ಹಿಡಿದು ಮತ್ತೆ ಸರಿಮಾಡಿಕೊಂಡ. ಆದರೆ ಒಂದು ವಾಕ್ಯವನ್ನೂ ಬಿಡಲಿಲ್ಲ. ಆಚೆ ಪಕ್ಕ ನೋಡದೆ ಬರೆದದ್ದು, ಎಣ್ಣೆ ಸರಿಯಾಗಿ ಇದ್ದದ್ದು, ಕ್ಲಿಪ್ ಬಿಗಿದ ಕೈ ತನ್ನದೇ ಎಂದು. ಕೊನೆಗೆ ಜೇಬಿನಿಂದ ಹೊಸ ಚೀಟಿ ತೆಗೆದ. ಹಳೆಯ ಎರಡು ಸಾಲಿನ ಜಾಗದಲ್ಲಿ ಹನ್ನೊಂದು ಸಾಲು.

"ಪಿಸ್ಟನ್, ಸಿಲಿಂಡರ್ ಎಲ್ಲಾ ಅಂಗಡಿ ಕಡೆಯಿಂದ ಹಾಕಿ ಕೊಡ್ತೀವಿ," ಎಂದ. "ಇವರ ಮೇಲೆ ಹೇಳಿದ್ದು ತಪ್ಪು. ಎಲ್ಲರಿಗೂ ಗೊತ್ತಾಗೋ ಹಾಗೆ ಬರೆದಿದ್ದನ್ನ ಎಲ್ಲರೆದುರಿಗೇ ವಾಪಸ್ ತಗೋಬೇಕು ಅಂತ ಬಂದೆ."

ನಾನು ಸ್ಟೋರಿನ ಬಾಗಿಲಿಗೆ ಒರಗಿ ನಿಂತಿದ್ದೆ. ಅಜ್ಜಿ ಹೇಳಿದ ಕಥೆಗಳಲ್ಲಿ ರಾಜಕುಮಾರರು ಏಳು ಬೆಟ್ಟ ಹತ್ತಿ ಇಳಿಯುತ್ತಿದ್ದರು, ರಾಕ್ಷಸನ ಜುಟ್ಟು ಹಿಡಿಯುತ್ತಿದ್ದರು. ಟೀ ಕುಡಿಯುತ್ತಿರುವ ಒಂಬತ್ತು ಜನರ ಮುಂದೆ ನಿಂತು "ನನ್ನದೇ ತಪ್ಪು" ಎಂದ ರಾಜಕುಮಾರ ಒಬ್ಬನೂ ಇರಲಿಲ್ಲ. ಬೆಟ್ಟ ಹತ್ತುವುದು ಇದಕ್ಕಿಂತ ಸುಲಭವೆಂದು ನನಗೆ ಆವತ್ತು ತಿಳಿಯಿತು.

ಸೂಪರ್‌ವೈಸರ್ ಚೀಟಿಯನ್ನು ಎರಡು ಸಲ ಓದಿದರು. "ಇನ್ಮೇಲೆ ನಮ್ಮ ಮೆಷಿನ್‌ಗಳನ್ನ ನಿಮ್ಮಲ್ಲಿಗೆ ಕಳಿಸ್ಬೇಕೋ ಬೇಡ್ವೋ, ಯೋಚನೆ ಮಾಡ್ಬೇಕು," ಎಂದರು.

"ಯೋಚನೆ ಏನ್ ಸಾರ್," ಎಂದ ಉದ್ದಣ್ಣ. ನಮ್ಮಲ್ಲಿ ಅತಿ ಎತ್ತರದ ಮರಗಳನ್ನು ಹತ್ತುವವನು ಅವನು. ಹೆಸರು ಹಿಡಿದು ಅವನನ್ನು ಯಾರೂ ಕರೆದದ್ದಿಲ್ಲ. "ಮೂವತ್ತು ವರ್ಷದಲ್ಲಿ ತಪ್ಪು ಒಪ್ಕೊಂಡ ಮೆಕ್ಯಾನಿಕ್ಕನ್ನ ಇವತ್ತೇ ನೋಡಿದ್ದು. ಬೇರೆಯವನ ಹತ್ರ ಹೋದ್ರೆ ಅವನೂ ತಪ್ಪು ಮಾಡ್ತಾನೆ, ಹೇಳಲ್ಲ ಅಷ್ಟೇ. ನಾನು ಕೊಂಬೆ ಮೇಲೆ ನಿಂತಾಗ ಕೈಯಲ್ಲಿರೋ ಮೆಷಿನ್ನು ಇಂಥವನು ಮುಟ್ಟಿದ್ದೇ ಆಗಿರಲಿ."

ಸೂಪರ್‌ವೈಸರ್ ಜೇಬಿಗೆ ಕೈ ಹಾಕಿದರು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಬೇಜಾರು ಮಾಡ್ಕೊಂಡಿದ್ರೆ ಬಿಟ್ಟುಬಿಡಮ್ಮ," ಎಂದರು.

ಅಷ್ಟರಲ್ಲಿ ಅವನು ಗಂಟು ಕಟ್ಟಿಕೊಂಡು ಗೇಟು ದಾಟಿದ್ದ. ನನ್ನ ಕಡೆ ನೋಡಲೇ ಇಲ್ಲ. ನಾಚಿಕೆಯೋ, ಹೆದರಿಕೆಯೋ. ಉದ್ದಣ್ಣ ನನ್ನ ತಲೆಯ ಮೇಲಿನಿಂದ ಗೇಟಿನ ಕಡೆ ನೋಡಿ, ನನ್ನ ಮುಖ ನೋಡಿ, ಟೀ ಲೋಟ ಕೆಳಗಿಟ್ಟ.

"ತಂಗಿ, ಎಷ್ಟು ಎತ್ತರದಿಂದ ಬಿದ್ದೆ?"

"ಸುಮ್ನಿರಿ ಅಣ್ಣ," ಎಂದೆ.

*

ಬೀಗದ ಕೈ ಬಂದರೂ ನನ್ನ ಕೈ ಪೂರ್ತಿ ವಾಪಸ್ ಬಂದಿರಲಿಲ್ಲ. ಆ ವಾರವೆಲ್ಲ ಎಣ್ಣೆ ಸುರಿಯುವಾಗ "ಸುರಿದೆ, ಸುರಿದೆ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಆದರೂ ಅನುಮಾನವಾಗಿ ಕ್ಯಾನಿನ ಮುಚ್ಚಳ ತೆಗೆದು ಮೂಸುತ್ತಿದ್ದೆ. ಒಮ್ಮೆ ಸಂದೇಹ ಹೊಕ್ಕ ಮೇಲೆ ಅದು ನೆಂಟರ ಹಾಗೆ, ಹೊರಡುತ್ತೇನೆ ಎನ್ನುತ್ತಲೇ ಉಳಿದುಬಿಡುತ್ತದೆ.

ಮುಂದಿನ ಗುರುವಾರ ಮಧ್ಯಾಹ್ನ ಮೆಷಿನ್ ತರಲು ಹೋದೆ. ತರಲು ಡ್ರೈವರ್ ಹೋಗಬಹುದಿತ್ತು. ನಾನೇ ಹೋಗುತ್ತೇನೆ ಎಂದಾಗ ಉದ್ದಣ್ಣ ಆಕಾಶ ನೋಡುತ್ತ ಶಿಳ್ಳೆ ಹಾಕಿದ. ಹಿಂದಿರುಗುವಾಗ ಕೆಲಸದ ಜಾಗಕ್ಕೇ ಕೊಡಬೇಕೆಂದು ಬೆರೆಸಿದ ಪೆಟ್ರೋಲಿನ ಕ್ಯಾನೂ ಕೈಯಲ್ಲಿತ್ತು.

ಮೆಷಿನ್ ಅಂಗಡಿಯ ಹಿಂದಿನ ಅಂಗಳದಲ್ಲಿ, ಹಲಗೆಯ ಮೇಲೆ, ಸ್ನಾನ ಮಾಡಿದಂತೆ ಕೂತಿತ್ತು.

"ಹೊಸ ಪಿಸ್ಟನ್. ಇನ್ನೂ ಒಂದು ಸಲಾನೂ ಸ್ಟಾರ್ಟ್ ಮಾಡಿಲ್ಲ," ಎಂದ ಅವನು. "ನೀವು ಬಂದ ಮೇಲೆ ಅಂತ ಇಟ್ಟಿದ್ದೆ. ಇದರ ಹಳೇ ಧ್ವನಿ ಗೊತ್ತಿರೋರು ನೀವೊಬ್ಬರೇ."

ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡರು, ಕೈಯಲ್ಲೊಂದು ಗಾಜಿನ ಬಾಟಲಿ. "ಹೊಸ ಪಿಸ್ಟನ್ನಿಗೆ ಮೊದಲ ಗುಟುಕು ನಮ್ಮಂಗಡಿ ಪೆಟ್ರೋಲೇ. ನಾನೇ ಅಳೆದು ಬೆರೆಸಿದ್ದು. ಹೊರಗಿನದನ್ನ ಹಾಕೋ ಪದ್ಧತಿ ಇಲ್ಲಮ್ಮ, ತಪ್ಪು ತಿಳ್ಕೋಬೇಡ. ಎಣ್ಣೆ ಒಂದು ಚೂರು ಹೆಚ್ಚುಕಮ್ಮಿ ಆದ್ರೂ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ."

"ಸರಿ ಅತ್ತೆ, ಅಲ್ಲಿಡಿ," ಎಂದ ಅವನು. ಬಾಟಲಿಯನ್ನು ಮುಟ್ಟಲಿಲ್ಲ. ನನ್ನ ಕೈಯಿಂದ ಕ್ಯಾನ್ ತೆಗೆದುಕೊಂಡ. ಮುಚ್ಚಳ ಬಿಚ್ಚಿದ. ಮೂಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ, ಬೆರಳಿಗೆ ಹಚ್ಚಿ ತಿಕ್ಕಲಿಲ್ಲ. ಸೀದಾ ಟ್ಯಾಂಕಿಗೆ ಸುರಿಯತೊಡಗಿದ.

"ರೀ," ಎಂದೆ. "ಎಣ್ಣೆ ಹಾಕಿದ್ದೀನಾ ಅಂತ ಕೇಳಲ್ವಾ?"

"ಇಲ್ಲ."

"ನನಗೇ ಖಾತ್ರಿ ಇಲ್ಲ. ಈ ವಾರವೆಲ್ಲ ಮೂರು ಮೂರು ಸಲ ನೋಡ್ತಿದ್ದೀನಿ."

"ನನಗೆ ಖಾತ್ರಿ ಇದೆ," ಎಂದ, ಸುರಿಯುತ್ತಲೇ. "ನಿಮ್ಮ ಎಣ್ಣೆ ನಾನು ನೋಡಿದ್ದೀನಿ. ಒಳಗಡೆಯವರೆಗೂ."

ಅತ್ತೆ ತಮ್ಮ ಬಾಟಲಿಯನ್ನು ನೋಡಿದರು, ಅವನನ್ನು ನೋಡಿದರು, ನನ್ನನ್ನು ನೋಡಿದರು. "ಇಪ್ಪತ್ತು ವರ್ಷದ ಚೀಟಿ ಹೋಯ್ತು, ಇವತ್ತು ಪದ್ಧತೀನೂ ಹೋಯ್ತು. ಇನ್ನು ಹುಡುಗ ಒಬ್ಬ ಉಳಿದಿದ್ದ, ಅವನೂ ಹೋದ," ಎನ್ನುತ್ತ ಬಾಟಲಿ ಎತ್ತಿಕೊಂಡು ಒಳಗೆ ನಡೆದರು. ಬಾಗಿಲನ್ನು ಮಾತ್ರ ಅರ್ಧ ಎಳೆದುಕೊಂಡೇ ಹೋದರು.

ಹಗ್ಗ ಎಳೆದ. ಈ ಸಲ ಅದು ಜಗ್ಗಿತು. ಮೂರನೆಯ ಸಲಕ್ಕೆ ಮೆಷಿನ್ ಎಚ್ಚರವಾಯಿತು. ನನಗೆ ಎದೆಯಲ್ಲೇ ಸ್ಟಾರ್ಟ್ ಆದಂತಾಯಿತು. ಐದು ನಿಮಿಷ, ಹತ್ತು ನಿಮಿಷ. ಎಲ್ಲಿಯೂ ಧ್ವನಿ ಏರಲಿಲ್ಲ, ಕೆರಳಲಿಲ್ಲ. ನನ್ನ ಎರಡು ಕೈಗಳನ್ನು ನೋಡಿಕೊಂಡೆ. ಅವು ನನ್ನವೇ ಆಗಿದ್ದವು.

"ಈಗ ಐಡಲ್ ನೋಡ್ಬೇಕು," ಎಂದ, ಮಂಡಿಯೂರಿ ಕೂತು. ಪುಟ್ಟ ಸ್ಕ್ರೂಡ್ರೈವರನ್ನು ಮೆಷಿನ್ನಿನ ಪಕ್ಕೆಗೆ ಇಟ್ಟ. "ಸುಮ್ಮನೆ ಓಡ್ತಿರುವಾಗ ಪಕ್ಕದಲ್ಲಿರೋರ ಮಾತು ಕೂಗದೇ ಕೇಳಿಸ್ಬೇಕು. ಅದೇ ಲೆಕ್ಕ. ನಾನು ಮೆಲ್ಲಗೆ ಒಂದು ಮಾತು ಹೇಳ್ತೀನಿ. ಕೇಳಿಸುತ್ತಾ ಹೇಳಿ."

ನಾನೂ ಎದುರಿಗೆ ಮಂಡಿಯೂರಿದೆ. ನಡುವೆ ಮೆಷಿನ್ ಗೊಣಗುತ್ತಿತ್ತು.

ಅವನು ಸ್ಕ್ರೂಡ್ರೈವರನ್ನೇ ನೋಡುತ್ತ ಹೇಳಿದ. "ದಿನಾ ನಿಮ್ಮ ಮಾತು ಕೇಳ್ಕೊಂಡು ಇರ್ಬೇಕು ಅನ್ಸುತ್ತೆ. ಜೊತೆಗಿರ್ತೀರಾ?"

ಒಂದೊಂದು ಅಕ್ಷರವೂ ಕೇಳಿಸಿತು. ಇಲ್ಲವೆಂದು ತಲೆಯಾಡಿಸಿದೆ. "ಕೇಳಿಸ್ಲಿಲ್ಲ."

ಅವನು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ. ಮೆಷಿನ್ ಇನ್ನಷ್ಟು ತಗ್ಗಿತು. ಮತ್ತೆ ಹೇಳಿದ, ಅದೇ ಮಾತು. ಈ ಸಲ ನನ್ನ ಕಡೆ ನೋಡಿ ಹೇಳಿದ.

"ಊಹೂಂ."

ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದ. ಮೂರನೆಯ ಸಲ ಹೇಳಿದ. ನಾನು ನಗು ತಡೆಯಲು ತುಟಿ ಕಚ್ಚಿದೆ.

"ಇನ್ನೂ ಇಳಿಸಿದ್ರೆ ಮೆಷಿನ್ ನಿಂತುಹೋಗುತ್ತೆ ರೀ," ಎಂದ. ನಿಜವಾಗಿಯೂ ಕಂಗಾಲಾಗಿದ್ದ. "ಈಗಲಾದ್ರೂ ಕೇಳಿಸ್ತಾ?"

"ಮೊದಲ್ನೇ ಸಲವೇ ಕೇಳಿಸ್ತು."

"ಮತ್ತೆ ಯಾಕೆ..."

"ಬೇಗ ಬೇಗ ತೀರ್ಮಾನ ಹೇಳೋರ ಮಾತನ್ನ ಮೂರು ಸಲ ಕೇಳಿ ನೋಡ್ಬೇಕು ಅಂತ."

ಸ್ಕ್ರೂಡ್ರೈವರ್ ಕೆಳಗಿಟ್ಟ. ನಗಲಿಲ್ಲ. ತೀರ್ಪು ಕಾಯುವವನ ಹಾಗೆ, ಕಪ್ಪು ಹಿಡಿದ ಎರಡು ಅಂಗೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತ. ಮೆಷಿನ್ ನಮ್ಮಿಬ್ಬರ ನಡುವೆ ಒಂದೇ ಸಮ ಉಸಿರಾಡುತ್ತಿತ್ತು.

"ಹೂಂ," ಎಂದೆ.

ಮೆಲ್ಲಗೇ ಎಂದೆ. ಅವನಿಗೆ ಕೇಳಿಸಿತು.